ಸಹಾಯ ಬೇಕು: ಬೈಲುಕುಪ್ಪೆಯ ಅಜ್ಜಿಯೊಬ್ಬರಿಗೆ ಟಿಬೆಟನ್ ಮತ್ತು ಕನ್ನಡ ಬಲ್ಲವರು

ಬಳಗದ ಎಲ್ಲರಿಗೂ ನಮಸ್ಕಾರ.

ಕುಶಾಲನಗರದ ನಿವಾಸಿಯಾದ ನಾನು, ಬೈಲುಕುಪ್ಪೆಯ ಟಿಬೆಟನ್ ಶಿಬಿರದಲ್ಲಿ ಒಂಟಿಯಾಗಿರುವ, ಎಂಬತ್ತು ದಾಟಿದ ಅಜ್ಜಿಯೊಬ್ಬರ ಪರವಾಗಿ ಬರೆಯುತ್ತಿದ್ದೇನೆ. 1959ರ ನಂತರ ಗಡಿ ದಾಟಿ ಬಂದು, 1960ರ ದಶಕದಲ್ಲಿ ಇಲ್ಲಿನ ಕಾಡು ಸವರಿ ಮುಸುಕಿನ ಜೋಳ ಬೆಳೆದ ತಲೆಮಾರಿನವರು ಅವರು. ಮಕ್ಕಳಿಬ್ಬರೂ ಕೆನಡಾದಲ್ಲಿದ್ದಾರೆ. ಕಳೆದ ಲೋಸರ್ (ಟಿಬೆಟನ್ ಹೊಸ ವರ್ಷ) ಹಬ್ಬದಿಂದೀಚೆಗೆ ಅವರಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಪ್ರಾರ್ಥನಾ ಚಕ್ರವನ್ನೂ ಕೈಗೆತ್ತಿಕೊಳ್ಳುವುದಿಲ್ಲ.

ತಮ್ಮ ಸಂಕಟವನ್ನು ಅವರು ‘ಲುಂಗ್’ ಎನ್ನುತ್ತಾರೆ. ಆ ಪದಕ್ಕೆ ವಾಯು ಎಂದರ್ಥ. ಅದು ಕೆರಳಿದರೆ ಎದೆಬಡಿತ, ಅಂಜಿಕೆ, ನಿದ್ರಾಹೀನತೆ ಕಾಡುತ್ತವೆ ಎಂದು ಟಿಬೆಟನ್ ವೈದ್ಯಪದ್ಧತಿ ಹೇಳುತ್ತದೆ. ಇದನ್ನರಿಯದ ನಾನು ಆಸ್ಪತ್ರೆಯೊಂದರಲ್ಲಿ ‘ವಾಯು’ ಎಂದಷ್ಟೇ ಹೇಳಿದ್ದರಿಂದ, ವೈದ್ಯರು ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ಆ ದಿನ ಅಜ್ಜಿ ದಾರಿಯುದ್ದಕ್ಕೂ ಮೌನವಾಗಿದ್ದರು.

ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ, ಮಾನಸಿಕ ಆರೋಗ್ಯಕ್ಕೆಂದೇ ಇರುವ ಮನೋಚೈತನ್ಯ ಚಿಕಿತ್ಸಾಲಯಕ್ಕೆ ಅವರನ್ನು ಕರೆದೊಯ್ಯಬೇಕೆಂದಿದ್ದೇನೆ. ಎರಡೂ ಭಾಷೆ ಬಲ್ಲ, ಕೇಳಿದ್ದನ್ನು ಶಿಬಿರದಲ್ಲಿ ಹರಡದೆ ಮನಸ್ಸಿನಲ್ಲೇ ಇಟ್ಟುಕೊಳ್ಳುವ ಒಬ್ಬರು, ಸಾಧ್ಯವಾದರೆ ಮಹಿಳೆ, ಜೊತೆಗೆ ಬರಲು ಒಪ್ಪುವಿರಾ? ನೆರೆಯವರಿಗೆ ತಿಳಿಯಬಾರದೆಂಬುದೇ ಅಜ್ಜಿಯ ದೊಡ್ಡ ಆತಂಕ. ಪ್ರಯಾಣದ ಖರ್ಚು ನನ್ನದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಉಚಿತ ಸಂಖ್ಯೆಯನ್ನೂ ಬರೆದುಕೊಟ್ಟಿದ್ದೇನೆ. ಆದರೆ ಎದುರಿಗೆ ಕುಳಿತು ಕೇಳುವವರು ಅವರಿಗೆ ಬೇಕಾಗಿದ್ದಾರೆ.

ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಅವರೊಂದಿಗೆ ಬೆಣ್ಣೆ ಚಹಾ ಕುಡಿದು ಮಾತನಾಡಬಲ್ಲವರಿದ್ದರೂ ದಯವಿಟ್ಟು ನನಗೆ ಖಾಸಗಿಯಾಗಿ ಸಂದೇಶ ಕಳುಹಿಸಿ.