ಕೊಲೆಸ್ಟ್ರಾಲ್ ಗುಳಿಗಿಯಿಂದ ತೊಡಿನೋವು: ಕೋಕ್ಯೂ10, ವಿಟಮಿನ್ ಡಿ ಜೀವನಪೂರ್ತಿ ಬೇಕೇನು?

ಉಣಕಲ್ ದಂಡಿ:
ಮನ್ಯಾಗ ಹಿರಿಯರಿಗೆ 64 ವರ್ಷ, ಸಕ್ಕರಿ ಕಾಯಿಲೆ ಅದ, ಮೆಟ್‌ಫಾರ್ಮಿನ್ ನಡದದ. ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಗುಂಪಿನ ಅಟೊರ್ವಾಸ್ಟ್ಯಾಟಿನ್ 40 ಮಿ.ಗ್ರಾಂ ಹಚ್ಚಿದ ಮ್ಯಾಲೆ ಎರಡೂ ತೊಡಿ, ಮೀನಖಂಡ ನೋಯಲಿಕ್ಕೆ ಹತ್ತಿದ್ವು. ಸ್ನಾಯುವಿಗೆ ಪೆಟ್ಟಾದ್ರ ರಕ್ತದಾಗ ಏರೋ ಸಿಕೆ 310 (ಲ್ಯಾಬಿನ ಮೇಲ್ಮಿತಿ 200). ಡಾಕ್ಟರು ಅದೇ ಗುಂಪಿನ ರೋಸುವಾಸ್ಟ್ಯಾಟಿನ್ 5 ಮಿ.ಗ್ರಾಂಗೆ ಬದಲಿಸಿದ್ರು, ನೋವು ಕಡಿಮಿ ಆಗ್ಯದ. ಆವಾಗ ಬರಕೊಟ್ಟ ಕೋಕ್ಯೂ10 (ಜೀವಕೋಶ ಶಕ್ತಿ ತಯಾರಿಸಲಿಕ್ಕೆ ಬೇಕಾದ ಅಂಶದ ಸಪ್ಲಿಮೆಂಟ್) 100 ಮಿ.ಗ್ರಾಂ, ವಾರಕ್ಕೊಂದು ವಿಟಮಿನ್ ಡಿ 60,000 ಯೂನಿಟ್, ಒಂದು ಮಲ್ಟಿವಿಟಮಿನ್ ಹತ್ತು ತಿಂಗಳಿಂದ ಹಂಗ ನಡದಾವ. ಯಾವುದು ಬಿಡಬಹುದು? ರೆಡ್ ಈಸ್ಟ್ ರೈಸ್ (ಕೆಂಪು ಬೂಷ್ಟು ಬೆಳೆಸಿದ ಅಕ್ಕಿಯ ಸಪ್ಲಿಮೆಂಟ್) ತಗೊಂಡ್ರ ಸ್ಟ್ಯಾಟಿನ್ನೇ ಬ್ಯಾಡ ಅಂತಾರಲ್ಲ, ಅದು ಖರೇನ?

ಬೆಟಗೇರಿ:
ಮೊದಲು ವಿಟಮಿನ್ ಡಿ ನೋಡ್ರಿ, ಉಳಿದದ್ದು ಆಮೇಲೆ. ವಾರಕ್ಕ 60,000 ಅಂದ್ರ ದಿನಕ್ಕ ಸುಮಾರು 8,500 ಯೂನಿಟ್ ಆತು. ಕೊರತಿ ತುಂಬಲಿಕ್ಕೆ ಸಾಮಾನ್ಯವಾಗಿ 8 ವಾರದ ಕೋರ್ಸು ಅದು. ಆಮೇಲೆ ತಿಂಗಳಿಗೊಂದು, ಇಲ್ಲಾ ದಿನಾ 1,000ದಿಂದ 2,000 ಸಾಕು. ಹಳೇ ಚೀಟಿ ತೋರಿಸಿ ಅಂಗಡಿಯಿಂದ ತರತಾ ಹೋಗೋದರಿಂದ ಇದು ನಿಲ್ಲೋದೇ ಇಲ್ಲ. ಹೆಚ್ಚಾದ್ರ ರಕ್ತದಾಗ ಕ್ಯಾಲ್ಸಿಯಂ ಏರತದ: ನೀರಡಿಕೆ, ಮೇಲಿಂದ ಮೇಲೆ ಮೂತ್ರ, ಮಲಬದ್ಧತೆ, ವಾಕರಿಕಿ. ಸಕ್ಕರಿ ಇದ್ದವರಲ್ಲಿ "ಶುಗರ್ ಏರ್ಯದ" ಅಂತ ತಪ್ಪು ತಿಳಕೊಳ್ಳೋದು ಇಲ್ಲೇ. ಈ ವಾರದ್ದು ತಗೊಳ್ಳೋ ಮೊದಲ 25-ಹೈಡ್ರಾಕ್ಸಿ ವಿಟಮಿನ್ ಡಿ (ರಕ್ತದಾಗಿನ ಡಿ ಮಟ್ಟ), ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ) ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸ್ರಿ.

ಮಲ್ಟಿವಿಟಮಿನ್ ಲೇಬಲ್ಲಿನ್ಯಾಗ ಬಯೋಟಿನ್ (ಒಂದು ಬಿ ವಿಟಮಿನ್) ಎಷ್ಟದ ನೋಡ್ರಿ. ಕೂದಲು-ಉಗುರಿನ ಗುಳಿಗಿಯೊಳಗ 5-10 ಮಿ.ಗ್ರಾಂ ಇರತದ, ಅದು ಥೈರಾಯ್ಡ್ ಪರೀಕ್ಷೆಯನ್ನ ತಪ್ಪು ತೋರಸ್ತದ. ಥೈರಾಯ್ಡ್ ಕಡಿಮಿ ಇದ್ರೂ ಸ್ಟ್ಯಾಟಿನ್ ನೋವು ಜಾಸ್ತಿ ಆಗೋದರಿಂದ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಬೇಕೇ ಬೇಕು; ಎರಡು-ಮೂರು ದಿನ ಮೊದಲ ಆ ಬಯೋಟಿನ್ ಗುಳಿಗಿ ನಿಲ್ಲಿಸಿ ರಕ್ತ ಕೊಡ್ರಿ. ಮೆಟ್‌ಫಾರ್ಮಿನ್ ಇದ್ದವರಿಗೆ ಬಿ12 ಮಾತ್ರ ನಿಜವಾಗಿ ವರ್ಷಾನುಗಟ್ಟಲೆ ಬೇಕಾಗಬಹುದು, ಅದನ್ನೂ ಅಳಸ್ರಿ. ಪಾದ ಜುಂ ಅನ್ನೋದು, ಉರಿಯೋದು ನರದ ತೊಂದರಿ, ಸ್ಟ್ಯಾಟಿನ್ನಿನ ಸ್ನಾಯು ನೋವಲ್ಲ.

ಸಾಧನಕೇರಿ:
ಕೋಕ್ಯೂ10 ಬಗ್ಗೆ: ಕೊಲೆಸ್ಟ್ರಾಲ್ ತಯಾರಾಗುವ ದಾರಿಯಲ್ಲೇ ಕೋಕ್ಯೂ10 ಕೂಡ ತಯಾರಾಗುತ್ತದೆ. ಸ್ಟ್ಯಾಟಿನ್ ಆ ದಾರಿ ಕಟ್ಟುವುದರಿಂದ ರಕ್ತದಲ್ಲಿ ಅದು ಇಳಿಯುತ್ತದೆ. ಆದರೆ ಹೊರಗಿನಿಂದ ಕೊಟ್ಟರೆ ನೋವು ಹೋಗುತ್ತದೆಯೇ ಎಂದರೆ, ಪ್ರಯೋಗಗಳ ಫಲ ಎರಡೂ ಕಡೆ ಇದೆ. ನಿಮ್ಮಲ್ಲಿ ಗುಳಿಗೆ ಬದಲಾದದ್ದು, ಡೋಸ್ ಇಳಿದದ್ದು, ಕೋಕ್ಯೂ10 ಶುರುವಾದದ್ದು ಒಟ್ಟಿಗೇ ಆಗಿದೆ. ಯಾವುದರಿಂದ ನೋವು ಇಳಿಯಿತೆಂದು ಹೇಳಲಾಗದು.

ಆದ್ದರಿಂದ ಡಾಕ್ಟರಿಗೆ ತಿಳಿಸಿ ಕೋಕ್ಯೂ10 ಒಂದನ್ನೇ ನಿಲ್ಲಿಸಿ, ರೋಸುವಾಸ್ಟ್ಯಾಟಿನ್ ಮುಟ್ಟಬೇಡಿ. 6-8 ವಾರ ದಿನಾ ರಾತ್ರಿ ನೋವಿಗೆ 0ಯಿಂದ 10ರೊಳಗೆ ಅಂಕಿ ಬರೆಯಿರಿ. ಏರದಿದ್ದರೆ ಅದು ಬೇಕಿರಲಿಲ್ಲ. ಏರಿದರೆ ಮತ್ತೆ ಶುರುಮಾಡಿ, ಊಟದ ಜೊತೆಗೇ; ಎಣ್ಣೆಯಂಶವಿಲ್ಲದೆ ಅದು ಸರಿಯಾಗಿ ಹೀರಲ್ಪಡುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತೆಂದು ತೋರಿಸುವ ಐಎನ್‌ಆರ್ ನೋಡದೆ ಶುರು ಮಾಡಲೂಬಾರದು, ಬಿಡಲೂಬಾರದು.

ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಗುರಿ ಮುಟ್ಟದಿದ್ದರೆ ಸಪ್ಲಿಮೆಂಟ್ ಏರಿಸಬೇಡಿ. ಸ್ಟ್ಯಾಟಿನ್ ಡೋಸ್ ದುಪ್ಪಟ್ಟು ಮಾಡಿದರೂ ಹೆಚ್ಚುವರಿ ಇಳಿಕೆ ಸುಮಾರು 6 ಶೇಕಡಾ ಮಾತ್ರ. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ 10 ಮಿ.ಗ್ರಾಂ ಸೇರಿಸಿದರೆ ಸುಮಾರು 20. ಕೇಳಬೇಕಾದದ್ದು ಅದನ್ನು.

ಬೆಟಗೇರಿ:
ರೆಡ್ ಈಸ್ಟ್ ರೈಸ್ ವಿಷಯ ಉಳೀತು. ಅದರೊಳಗಿನ ಮೊನಕೋಲಿನ್ ಕೆ ಅಂದ್ರ ಲೋವಾಸ್ಟ್ಯಾಟಿನ್ನೇ. ಡಬ್ಬಿಯಿಂದ ಡಬ್ಬಿಗೆ ಪ್ರಮಾಣ ಬ್ಯಾರೆ, ಕೆಲವದರಾಗ ಕಿಡ್ನಿಗೆ ವಿಷವಾದ ಸಿಟ್ರಿನಿನ್ ಸೇರಿರತದ. ರೋಸುವಾ ಜೊತಿಗೆ ಹಾಕಿದ್ರ ಎರಡು ಸ್ಟ್ಯಾಟಿನ್ ನುಂಗಿದಂಗ. ನಮ್ಮ ಅಗಸಿ ಚಟ್ನಿ ರೊಟ್ಟಿ ಕೂಡ ಬೇಕಾದ್ರ ತಿನ್ರಿ, ಇದು ಮಾತ್ರ ಬ್ಯಾಡ.

ಉಣಕಲ್ ದಂಡಿ:
ಸಂಜೀಕೆ ಮಿರ್ಚಿ-ಗಿರ್ಮಿಟ್ ಆದ ಮ್ಯಾಲೆ ಆಸಿಡಿಟಿ ಸಿರಪ್ ಕುಡೀತಾರ. ಅಡ್ಡಿ ಇಲ್ಲೇನ್ರಿ? ಸಿಕೆ ಮತ್ತ ಯಾವಾಗ ಮಾಡಿಸೋದು?

ಸಾಧನಕೇರಿ:
ಅಲ್ಯುಮಿನಿಯಂ-ಮ್ಯಾಗ್ನೀಸಿಯಂ ಸಿರಪ್ ಜೊತೆಗೇ ಕುಡಿದರೆ ರೋಸುವಾಸ್ಟ್ಯಾಟಿನ್ ಅರ್ಧದಷ್ಟೇ ರಕ್ತಕ್ಕೆ ಸೇರುತ್ತದೆ. ಗುಳಿಗೆ ನುಂಗಿ ಎರಡು ತಾಸಾದ ಮೇಲೆ ಸಿರಪ್. ಇಲ್ಲವೇ ಗುಳಿಗೆಯನ್ನೇ ಮುಂಜಾನೆಗೆ ಬದಲಿಸಿ. ಇದು ದೇಹದಲ್ಲಿ ಬಹಳ ಹೊತ್ತು ಉಳಿಯುವುದರಿಂದ ರಾತ್ರಿಯೇ ಆಗಬೇಕೆಂದಿಲ್ಲ.

ಸಿಕೆ ಸುಮ್ಮಸುಮ್ಮನೆ ಮಾಡಿಸಬೇಡಿ, ನೋವು ಮರಳಿದರೆ ಮಾಡಿಸಿ. ಹಿಂದಿನ ಎರಡು-ಮೂರು ದಿನ ಭಾರದ ಕೆಲಸ, ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಇರಬಾರದು, ಅವೂ ಅಂಕಿ ಏರಿಸುತ್ತವೆ. ನಿಮ್ಮ ಲ್ಯಾಬಿನ ಲೆಕ್ಕದಲ್ಲಿ 800 ದಾಟಿದರೆ ಗುಳಿಗೆ ತಡೆಹಿಡಿಯಬೇಕೇ ಎಂದು ಡಾಕ್ಟರನ್ನು ಕೂಡಲೇ ಕೇಳಿ. 2,000 ದಾಟಿದರೆ ಗುಳಿಗೆ ಬಂದ್, ಅದೇ ದಿನ ಕಿಡ್ನಿ ಪರೀಕ್ಷೆ. ಮೂತ್ರ ಕರೀ ಚಹಾದ ಬಣ್ಣಕ್ಕೆ ತಿರುಗಿದರೆ ರಿಪೋರ್ಟ್ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗುಳಿಗೆ ಬಿಟ್ಟು ವಾರಗಳಾದರೂ ಚಾಪೆಯಿಂದ ಏಳಲು, ಕೈ ಎತ್ತಿ ತಲೆ ಬಾಚಲು ಆಗದಿದ್ದರೆ ಅದು ಬೇರೆಯೇ ಕಾಯಿಲೆ ಇರಬಹುದು. ಆಗ ನರರೋಗ ತಜ್ಞರ ಬಳಿ ಎಚ್‌ಎಂಜಿಸಿಆರ್ (ಸ್ಟ್ಯಾಟಿನ್ ತಡೆಯುವ ಕಿಣ್ವ) ವಿರುದ್ಧದ ಪ್ರತಿಕಾಯದ ಪರೀಕ್ಷೆ ಕೇಳಿ.