ಮಲೇಷ್ಯಾದ ಲಂಗ್ಕಾವಿ ದ್ವೀಪದಲ್ಲಿ ಹಾಯಿದೋಣಿ, ಬೆಂಗಳೂರಿಂದ ನಾಲ್ಕು ಜನ ಗೆಳೆಯರು, 7 ದಿನ. ಏನೇನು ತಯಾರಿ ಬೇಕು?

ಬಸವನಗುಡಿ ನಾವಿಕ:
ಜನವರಿಯಲ್ಲಿ ಬೆಂಗಳೂರಿಂದ ನಾಲ್ಕು ಜನ ಬರ್ತಿದ್ದಾರೆ, ನಾವಿಬ್ಬರು ಸೇರಿ ಆರು. ದೋಣಿ 38 ಅಡಿ ಮೊನೊಹಲ್ (ಒಂದೇ ಒಡಲಿನದು). ನೀರಿನ ಟ್ಯಾಂಕ್ 380 ಲೀಟರ್, ವಾಟರ್‌ಮೇಕರ್ (ಸಮುದ್ರದ ನೀರನ್ನ ಸಿಹಿ ಮಾಡೋ ಯಂತ್ರ) ಇಲ್ಲ. ಟಾಯ್ಲೆಟ್ ಒಂದೇ, ಕೈಪಂಪಿನದು, ಅದರ ಕೊಳಕು ಸೇರೋ ಹೋಲ್ಡಿಂಗ್ ಟ್ಯಾಂಕ್ 50 ಲೀಟರ್. ಬ್ಯಾಟರಿ 12 ವೋಲ್ಟ್, 400 ಎಎಚ್ (ಆಂಪ್-ಅವರ್), ಲೆಡ್-ಆಸಿಡ್. ಬರೋರಲ್ಲಿ ಯಾರೂ ಹಾಯಿದೋಣಿ ಹತ್ತಿದವರಲ್ಲ, ಇಬ್ಬರಿಗೆ ಈಜು ಬರಲ್ಲ, ಎಲ್ಲರೂ ಸಸ್ಯಾಹಾರಿಗಳು. ಮಧ್ಯೆ ಥಾಯ್ಲೆಂಡಿನ ಕೋ ಲಿಪೆಗೂ ಹೋಗಿಬರೋಣ ಅಂತಿದ್ದಾರೆ. ನೀರು ಸಾಲುತ್ತಾ? ಹೊರಡೋ ಮುಂಚೆ ಅವರಿಗೆ ಏನೇನು ಹೇಳಿಬಿಡಬೇಕು?

ಲಂಗರು ಸರಪಳಿ:
ನೀರಿನ ಲೆಕ್ಕ ಸುಲಭ. 380 ಲೀಟರ್ ಅಂದ್ರೆ ಮನೆಗೆ ತರಿಸೋ 20 ಲೀಟರ್ ಕ್ಯಾನ್ 19. ಅದರಲ್ಲಿ 50 ಲೀಟರ್ ಮುಟ್ಟಬಾರದ ಮೀಸಲು. ಉಳಿದ 330ರಲ್ಲಿ ತಲೆಗೆ ದಿನಕ್ಕೆ 10 ಲೀಟರ್ ಅಂದ್ರೆ ಐದೂವರೆ ದಿನ. 15 ಆಯ್ತೋ, ನಾಲ್ಕನೇ ದಿನವೇ ಖಾಲಿ. ಹಾಗಾಗಿ ನಾಲ್ಕನೇ ದಿನ ತೆಲಗಾ ಅಥವಾ ರೆಬಾಕ್ ಮರೀನಾಗೆ ಹೋಗಿ ತುಂಬಿಸಿಕೊಳ್ಳೋ ಹಾಗೆ ದಾರಿ ಹಾಕಿ. ಕುಡಿಯೋ ನೀರು ಇದರಲ್ಲಿ ಸೇರಿಲ್ಲ. ಆ ಸೆಖೆಗೆ ಒಬ್ಬರಿಗೆ 3 ಲೀಟರ್ ಬೇಕು, ಬಾಟಲಿಯಲ್ಲೇ ಕೊಂಡುಬಿಡಿ. 'ನೀರು ಹುಷಾರಾಗಿ ಬಳಸಿ' ಅಂತ ಹೇಳಿ ಪ್ರಯೋಜನ ಇಲ್ಲ, ಬೆಂಗಳೂರಲ್ಲಿ ಬೇಸಿಗೆ ಕಂಡವರೂ ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜೋದು. ಪ್ರೆಶರ್ ಪಂಪಿನ ಸ್ವಿಚ್ ಆಫ್ ಇಡಿ, ಬೇಕಾದಾಗ ಮಾತ್ರ ಹಾಕಿ. ಪಾತ್ರೆ ಸಮುದ್ರದ ನೀರಲ್ಲಿ ಉಜ್ಜಿ, ಕೊನೆಗೊಂದು ಲೋಟ ಸಿಹಿನೀರು. ಸ್ನಾನ ಹಿಂಬದಿಯ ಮೆಟ್ಟಿಲ ಮೇಲೆ, ಗಿಡಕ್ಕೆ ಔಷಧಿ ಹೊಡೆಯೋಂಥ ಹೊಸ ಪಂಪ್ ಸ್ಪ್ರೇಯರ್‌ನಿಂದ. ಒಬ್ಬರಿಗೆ 2 ಲೀಟರ್ ಧಾರಾಳ.

ನಿಜವಾದ ತಲೆನೋವು ಟಾಯ್ಲೆಟ್. ನಮ್ಮವರಿಗೆ ಜೆಟ್ ಸ್ಪ್ರೇ ಅಭ್ಯಾಸ. ಒಂದು ಸಲಕ್ಕೆ 2 ಲೀಟರ್, ಆರು ಜನ, ದಿನಕ್ಕೆ ನಾಲ್ಕು ಸಲ ಅಂದ್ರೆ 48 ಲೀಟರ್. ನಿಮ್ಮ ಹೋಲ್ಡಿಂಗ್ ಟ್ಯಾಂಕ್ ಒಂದೇ ದಿನಕ್ಕೆ ಭರ್ತಿ. ತೊಳೆದುಕೊಳ್ಳೋಕೆ ತಲೆಗೊಂದು ಅರ್ಧ ಲೀಟರಿನ ಒತ್ತೋ ಬಾಟಲಿ ಕೊಡಿ, ಹೆಸರು ಬರೆದು. ಪೇಪರ್, ವೆಟ್ ವೈಪ್ಸ್, ಪ್ಯಾಡ್ ಯಾವುದೂ ಬೋಗುಣಿಗೆ ಹಾಕಬಾರದು, ಮುಚ್ಚಳದ ಡಬ್ಬಿ ಪಕ್ಕದಲ್ಲೇ ಇರಲಿ. ಪೈಪ್ ಒಂದೂವರೆ ಇಂಚಿನದಾದ್ರೆ ಒಂದು ಮೀಟರಿಗೆ ಒಂದು ಲೀಟರ್‌ಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತೆ. ನಾಲ್ಕು ಸಲ ಪಂಪ್ ಮಾಡಿ ಎದ್ದು ಬಂದ್ರೆ ಎಲ್ಲ ಪೈಪಲ್ಲೇ ನಿಂತು ಜೋಕರ್ ವಾಲ್ವ್ (ಹೋಗಿದ್ದು ಹಿಂದೆ ಬರದಂತೆ ತಡೆಯೋ ರಬ್ಬರ್ ವಾಲ್ವ್) ಮೂಲಕ ಮೆಲ್ಲಗೆ ವಾಪಸ್ ಬರುತ್ತೆ. ಗಟ್ಟಿ ಹೋದಾಗ 20 ಸಲ ಅಂತ ನಿಯಮ ಮಾಡಿ. ಮುಗಿದ ಮೇಲೆ ಲಿವರ್ ನೀರು ಎಳೆಯೋ ಕಡೆಯಿಂದ ಡ್ರೈ ಕಡೆಗೆ ಬರಲೇಬೇಕು. ಬೋಗುಣಿ ನೀರಿನ ಮಟ್ಟಕ್ಕಿಂತ ಕೆಳಗಿರೋ ದೋಣಿಯಲ್ಲಿ ಇದು ಮರೆತರೆ ಸಮುದ್ರವೇ ಒಳಗೆ ಬರುತ್ತೆ. ಬಂದ ದಿನವೇ ಒಬ್ಬೊಬ್ಬರ ಕೈಯಲ್ಲೂ ಪಂಪ್ ಮಾಡಿಸಿ ನೋಡಿ, ಬಾಯಲ್ಲಿ ಹೇಳಿದ್ದು ನಿಲ್ಲಲ್ಲ. ಹೊಸ ಜೋಕರ್ ವಾಲ್ವ್ ಒಂದು ಜೊತೆಗಿರಲಿ.

ಮಲ್ಲೇಶ್ವರ ತಂಗಾಳಿ:
ಟ್ರಾಲಿ ಸೂಟ್‌ಕೇಸ್ ಬೇಡವೇ ಬೇಡ, ಅದನ್ನಿಡೋಕೆ ಜಾಗ ಇರಲ್ಲ. ಮಡಚಿಡೋ ಬಟ್ಟೆ ಬ್ಯಾಗ್ ತರಲಿ. ಊರಿಂದ ತರೋ ತಿಂಡಿಯ ರಟ್ಟಿನ ಡಬ್ಬಗಳನ್ನ ಜೆಟ್ಟಿಯಲ್ಲೇ ಬಿಚ್ಚಿ ಎಸೆಯಿರಿ, ಜಿರಳೆ ಮೊಟ್ಟೆ ಬರೋದು ಅದರಲ್ಲೇ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ದಿಂಬಿನ ಮೇಲೆ ಟವೆಲ್. ತಲೆ ಬಾಚೋದು ಹೊರಗೆ, ಉದುರಿದ ಉದ್ದ ಕೂದಲು ಬಿಲ್ಜ್ (ದೋಣಿಯ ಒಳತಳ) ನೀರು ಹೊರಹಾಕೋ ಪಂಪಿಗೆ ಸುತ್ತಿಕೊಂಡ್ರೆ ಪಂಪ್ ನಿಂತೇಹೋಗುತ್ತೆ.

ವಾಂತಿಗೆ: ಅವೋಮಿನ್ ಥರದ ಮಾತ್ರೆ ಹೊರಡೋಕೆ ಒಂದೆರಡು ಗಂಟೆ ಮುಂಚೆಯೇ ತಗೋಬೇಕು, ತಲೆ ತಿರುಗೋಕೆ ಶುರುವಾದ ಮೇಲೆ ನುಂಗಿದ್ರೆ ಅದೂ ಹೊರಗೆ. ನಿದ್ದೆ ಬರಿಸುತ್ತೆ, ಅದಕ್ಕೆ ಊರಲ್ಲೇ ಒಂದು ಭಾನುವಾರ ತಗೊಂಡು ನೋಡಲಿ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದವರು ಡಾಕ್ಟರನ್ನ ಕೇಳಿಯೇ. ಬಿಯರ್ ಜೊತೆ ಬೇಡ. ದೋಣಿ ಓಡುವಾಗ ಯಾರೂ ಕೆಳಗೆ ಕೂತು ಮೊಬೈಲ್ ನೋಡಬಾರದು. ಖಾಲಿ ಹೊಟ್ಟೆಯೂ ಕೆಟ್ಟದ್ದು, ಎರಡು ರಸ್ಕ್ ಆದರೂ ಬೀಳಲಿ. ವಾಂತಿ ಬಂದ್ರೆ ಗಾಳಿ ಹೋಗೋ ಬದಿಗೆ, ಕಾಕ್‌ಪಿಟ್ಟಲ್ಲಿ (ದೋಣಿ ನಡೆಸೋರು ಕೂರೋ ತೆರೆದ ಜಾಗ) ಕೂತು, ಹಿಂದಿಂದ ಒಬ್ಬರು ಹಿಡಿದುಕೊಂಡು. ಸಿಂಕಿಗೆ ಮಾತ್ರ ಅಲ್ಲ.

ಊಟಕ್ಕೆ ಗೊಜ್ಜವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತಂದ್ರೆ ಅರ್ಧ ವಾರ ಕಳೀತು. 3 ಲೀಟರ್ ಕುಕ್ಕರ್ ದೋಣಿಗೆ ಹೇಳಿ ಮಾಡಿಸಿದ ಹಾಗಿದೆ: ಮುಚ್ಚಳ ಬಿಗಿ, ಉರುಳಿದ್ರೂ ಚೆಲ್ಲಲ್ಲ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಲಂಗರು ಹಾಕಿದ ಮೇಲೇ ಇಡಿ. ಗ್ಯಾಸ್ ಆರಿಸುವಾಗ ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ, ಪೈಪಲ್ಲಿರೋದು ಉರಿದು ಮುಗಿದ ಮೇಲೆ ಒಲೆ ತಿರುವು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದೆಲ್ಲ ಬಿಲ್ಜಿಗಿಳಿದು ಕೂರುತ್ತೆ. ಅಡುಗೆಮನೆ ಕಿಟಕಿ ತೆಗೆದ ಹಾಗೆ ಹ್ಯಾಚ್ (ಮೇಲ್ಛಾವಣಿಯ ಮುಚ್ಚಳ) ತೆಗೆದ್ರೆ ಹೋಗಲ್ಲ.

ಈಶಾನ್ಯ ಗಾಳಿ:
ಕೋ ಲಿಪೆ ಕೈಬಿಡಿ. ಲಂಗ್ಕಾವಿಯಿಂದ ಸುಮಾರು 30 ನಾಟಿಕಲ್ ಮೈಲಿ (55 ಕಿ.ಮೀ.). 5 ನಾಟಲ್ಲಿ (ಗಂಟೆಗೆ 5 ನಾಟಿಕಲ್ ಮೈಲಿ) ಆರು ಗಂಟೆ, ಹೊಸಬರಿಗೆ ಅದು ಇಡೀ ದಿನ. ಮೇಲಾಗಿ ಮಲೇಷ್ಯಾದಿಂದ ಹೊರಡೋ ಕ್ಲಿಯರೆನ್ಸ್ (ಅನುಮತಿ), ಅಲ್ಲಿ ಪ್ರವೇಶ, ವಾಪಸ್ ಮತ್ತೆ ಅದೇ. ಆರೂ ಜನ ಕ್ರೂ ಪಟ್ಟಿಯಲ್ಲಿರಬೇಕು. ಏಳು ದಿನದಲ್ಲಿ ಎರಡು ದಿನ ಕೌಂಟರ್ ಮುಂದೆ ಹೋಗುತ್ತೆ. ಜನವರಿಯಲ್ಲಿ ಈಶಾನ್ಯದ ಗಾಳಿ, ಒಣ ಹವೆ. ದ್ವೀಪಗಳ ಮರೆಯಲ್ಲೇ ದಿನಕ್ಕೆ 10-12 ಮೈಲಿ ಸಾಕು. ದಯಾಂಗ್ ಬುಂಟಿಂಗ್‌ನ ಸಿಹಿನೀರಿನ ಕೆರೆ, ಕಿಲಿಮ್‌ನ ಸುಣ್ಣಕಲ್ಲಿನ ಗುಡ್ಡ, ಕಾಂಡ್ಲಾ ಕಾಡು ನೋಡೋಕೇ ವಾರ ಬೇಕು. ಕೆರೆಯ ಹತ್ತಿರ ಕೈಯಲ್ಲಿ ತಿಂಡಿ ಚೀಲ ಬೇಡ, ಕೋತಿ ಕಿತ್ತುಕೊಳ್ಳುತ್ತೆ. ಮೊದಲ ರಾತ್ರಿ ಮರೀನಾದಲ್ಲೇ ಕಳೀರಿ.

ಬಸವನಗುಡಿ ನಾವಿಕ:
ಲಿಪೆ ಬಿಟ್ಟೆ. ಇನ್ನೆರಡು: ಚಟ್ನಿಗೆ ಮಿಕ್ಸಿ ತರ್ತೀವಿ ಅಂತಿದ್ದಾರೆ, ಬ್ಯಾಟರಿ ತಡೆಯುತ್ತಾ? ಈಜು ಬರದ ಇಬ್ಬರನ್ನ ದಡಕ್ಕೆ ಹೋಗಿಬರೋ ಪುಟ್ಟ ದೋಣಿ, ಡಿಂಗಿಯಲ್ಲಿ ಹೇಗೆ ಕರೆದೊಯ್ಯೋದು?

ಲಂಗರು ಸರಪಳಿ:
ಮಿಕ್ಸಿ ತರಲಿ. 750 ವ್ಯಾಟ್ ಅಂದ್ರೆ 12 ವೋಲ್ಟಲ್ಲಿ, ಇನ್ವರ್ಟರ್ ನಷ್ಟ ಸೇರಿ, ಸುಮಾರು 70 ಆಂಪ್. ಆದ್ರೆ ಎರಡೇ ನಿಮಿಷ, 2-3 ಎಎಚ್‌ನಲ್ಲಿ ಮುಗೀತು. ಮೋಟಾರ್ ಎದ್ದೇಳುವಾಗಿನ ಎಳೆತಕ್ಕೆ ಇನ್ವರ್ಟರ್ 1,500 ವ್ಯಾಟಿನದಿರಲಿ. ಇಂಡಕ್ಷನ್ ಒಲೆ ಬೇಡ: 1,800 ವ್ಯಾಟ್, 20 ನಿಮಿಷಕ್ಕೆ 50 ಎಎಚ್ ದಾಟುತ್ತೆ. ಲೆಡ್-ಆಸಿಡ್‌ನಲ್ಲಿ ಬಳಸೋಕೆ ಸಿಗೋದು ಅರ್ಧ, 200. ಹೇರ್ ಡ್ರೈಯರ್‌ಗೂ ಅದೇ ಉತ್ತರ.

ಡಿಂಗಿ: ಒಂದು ಸಲಕ್ಕೆ ನಡೆಸೋರು ಬಿಟ್ಟು ಇಬ್ಬರು, ಅದರಲ್ಲಿ ಈಜು ಬರದವರು ಒಬ್ಬರೇ. ಲೈಫ್ ಜಾಕೆಟ್ ದೋಣಿ ಮೇಲೇ ಹಾಕಿಸಿ, ತೊಡೆಸಂದಿನ ಪಟ್ಟಿ ಬಿಗಿದು. ಅದು ಸಡಿಲ ಇದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮುಖದ ಮೇಲೆ ಬರುತ್ತೆ. ಕಾಲು ಡಿಂಗಿಯ ನಡುಮಧ್ಯಕ್ಕೆ, ತಕ್ಷಣ ಕೂತುಬಿಡೋದು. ಚೀಲ ಆಮೇಲೆ ಕೈಯಿಂದ ಕೈಗೆ. ಕಿಲ್ ಕಾರ್ಡ್ (ಎಳೆದುಕೊಂಡರೆ ಮೋಟಾರ್ ನಿಲ್ಲಿಸೋ ಹಗ್ಗ) ನಡೆಸೋರ ಮಣಿಕಟ್ಟಿಗೆ ಸಿಕ್ಕಿಸಿಯೇ ಮೋಟಾರ್ ಶುರು.