ಮೇಲಿಂಗ್ ಲಿಸ್ಟ್‌ಗೆ ಕಳಿಸಿದ ಮೇಲ್ ನನಗೇ ಬರುತ್ತಿಲ್ಲ, ಉತ್ತರ ಒಬ್ಬರಿಗೇ ಹೋಗುತ್ತಿದೆ, ಯಾಕೆ?

ಹೊಸಬ_1:
ಒಂದು ಓಪನ್ ಸೋರ್ಸ್ ತಂತ್ರಾಂಶದ ಲಿಸ್ಟ್ ಇದು, ಮೇಲ್‌ಮನ್ ಎಂಬ ಲಿಸ್ಟ್ ನಡೆಸುವ ಪ್ರೋಗ್ರಾಂನಲ್ಲಿ ನಡೆಯುತ್ತದೆ. ನಾನು ಕಳಿಸಿದ್ದು ನನ್ನ ಜಿಮೇಲ್ ಇನ್‌ಬಾಕ್ಸ್‌ಗೆ ಬರುವುದೇ ಇಲ್ಲ. ರಿಪ್ಲೈ ಒತ್ತಿದರೆ ಬರೆದವರೊಬ್ಬರಿಗೇ ಹೋಗುತ್ತದೆ. ಮೇಲ್‌ಗಳ ರಾಶಿ ತಡೆಯಲಾರದೆ ‘ಅನ್‌ಸಬ್‌ಸ್ಕ್ರೈಬ್’ ಅಂತ ಬರೆದು ಕಳಿಸಿದರೆ ಬೈಗುಳ ಬಂತು. ಏನು ಮಾಡಬೇಕಿತ್ತು?

ಅಂಚೆಚೀಲ:
ಮೊದಲನೆಯದಕ್ಕೆ ಲಿಸ್ಟ್ ಕಾರಣವಲ್ಲ, ಜಿಮೇಲ್. ಪ್ರತಿ ಮೇಲ್‌ಗೂ ಮೆಸೇಜ್-ಐಡಿ ಅಂತ ಒಂದು ಗುರುತಿರುತ್ತದೆ. ಲಿಸ್ಟ್ ಅದನ್ನು ಮುಟ್ಟದೆ ಎಲ್ಲರಿಗೂ ಹಂಚುತ್ತದೆ. ಅದೇ ಐಡಿಯ ಮೇಲ್ ಆಗಲೇ ನಿಮ್ಮ ಸೆಂಟ್‌ನಲ್ಲಿ ಇರುವುದರಿಂದ ಜಿಮೇಲ್ ಎರಡನೇ ಪ್ರತಿಯನ್ನು ತೋರಿಸುವುದಿಲ್ಲ. ತಲುಪಿತೋ ಇಲ್ಲವೋ ತಿಳಿಯಲು ಲಿಸ್ಟ್‌ನ ಆರ್ಕೈವ್ (ಹಳೆಯ ಮೇಲ್‌ಗಳ ಸಂಗ್ರಹ) ನೋಡಿ.

ಅಲ್ಲೂ ಇಲ್ಲವೆಂದರೆ ಮೇಲ್ ಮಾಡರೇಟರ್ (ನೋಡಿ ಒಪ್ಪಿಗೆ ಕೊಡುವವರು) ಕೈಯಲ್ಲಿ ಸಿಕ್ಕಿಕೊಂಡಿದೆ. ಸಾಮಾನ್ಯವಾಗಿ ಸೇರಿದ್ದು ಒಂದು ವಿಳಾಸದಿಂದ, ಕಳಿಸಿದ್ದು ಇನ್ನೊಂದರಿಂದ ಆಗಿರುತ್ತದೆ. ಲಿಸ್ಟ್‌ನ ವಿಳಾಸವನ್ನು ಬಿಸಿಸಿಯಲ್ಲಿ ಹಾಕಿದರೂ ತಡೆಯುತ್ತದೆ, ಟು ಅಥವಾ ಸಿಸಿಯಲ್ಲೇ ಇರಬೇಕು. ಗಾತ್ರವೂ ನೋಡಿ: ಮೇಲ್‌ಮನ್ 2ರ ಮೂಲ ಮಿತಿ 40 ಕೆಬಿ. ಒಂದು ಸ್ಕ್ರೀನ್‌ಶಾಟ್ ಅಂಟಿಸಿದರೆ ಮುಗಿಯಿತು.

ಉತ್ತರದ ವಿಷಯ: ಫ್ರಮ್‌ನಲ್ಲಿ ಮೂಲ ಲೇಖಕರ ಹೆಸರೇ ಇರುವುದರಿಂದ ಬರೀ ರಿಪ್ಲೈ ಅವರಿಗೇ ಹೋಗುತ್ತದೆ. ರಿಪ್ಲೈ ಆಲ್ ಒತ್ತಿ. ಥಂಡರ್‌ಬರ್ಡ್‌ನಲ್ಲಿ ‘ರಿಪ್ಲೈ ಲಿಸ್ಟ್’ ಅಂತಲೇ ಒಂದು ಗುಂಡಿ ಇದೆ, ಅದು ಲಿಸ್ಟ್-ಪೋಸ್ಟ್ ಹೆಡರ್ (ಮೇಲ್‌ನೊಳಗೆ ಕಣ್ಣಿಗೆ ಬೀಳದಂತಿರುವ ವಿವರದ ಸಾಲು) ನೋಡಿಕೊಂಡು ವಿಳಾಸ ತುಂಬುತ್ತದೆ. ಕೆಲವು ಲಿಸ್ಟ್‌ಗಳಲ್ಲಿ ಉತ್ತರ ತಾನಾಗಿ ಎಲ್ಲರಿಗೂ ಹೋಗುವ ಏರ್ಪಾಡಿರುತ್ತದೆ. ಅನುಕೂಲವೇನೋ ಹೌದು, ಆದರೆ ಒಬ್ಬರಿಗೆ ಗುಟ್ಟಾಗಿ ಬರೆದದ್ದು ಸಾವಿರ ಜನರ ಮುಂದೆ ಬೀಳುವುದೂ ಅಲ್ಲೇ.

ಇನ್ನು ಬೈಗುಳ. ಲಿಸ್ಟ್‌ನ ಹೆಸರು ‘ಬಳಗ’ ಅಂದುಕೊಳ್ಳಿ. ‘ಬಳಗ’ಕ್ಕೆ ಕಳಿಸಿದ್ದು ಎಲ್ಲರಿಗೂ ಹೋಗುತ್ತದೆ. ‘ಬಳಗ-ಓನರ್’ ನಡೆಸುವವರಿಗೆ. ‘ಬಳಗ-ರಿಕ್ವೆಸ್ಟ್’ ಓದುವುದು ಮನುಷ್ಯರಲ್ಲ, ಪ್ರೋಗ್ರಾಂ. ಬಿಡಬೇಕಾದರೆ ‘ಬಳಗ-ಲೀವ್’ಗೆ ಖಾಲಿ ಮೇಲ್ ಕಳಿಸಿ. ಖಚಿತಪಡಿಸಿ ಅಂತ ಒಂದು ಮೇಲ್ ಬರುತ್ತದೆ, ಅದರ ಸಬ್ಜೆಕ್ಟ್ ತಿದ್ದದೆ ಹಾಗೇ ರಿಪ್ಲೈ ಮಾಡಿ. ಬಹಳ ಜನ ಎಡವುವುದು ಈ ಕೊನೇ ಹೆಜ್ಜೆಯಲ್ಲೇ.

ತಂತಿಮನೆ:
ರಾಶಿ ಜಾಸ್ತಿ ಅಂತ ಲಿಸ್ಟ್ ಬಿಡಬೇಕಿಲ್ಲ. ಒಂದು ಮೇಲ್ ತೆರೆದು, ಮೂರು ಚುಕ್ಕಿಯಲ್ಲಿ ‘ಇಂಥ ಮೇಲ್‌ಗಳಿಗೆ ಫಿಲ್ಟರ್’ ಅನ್ನುವುದನ್ನು ಆರಿಸಿ. ಲಿಸ್ಟ್-ಐಡಿಯನ್ನು, ಅಂದರೆ ಲಿಸ್ಟ್‌ನ ಗುರುತನ್ನು, ಜಿಮೇಲೇ ತುಂಬುತ್ತದೆ. ಇನ್‌ಬಾಕ್ಸ್ ದಾಟಿಸಿ, ಲೇಬಲ್ ಹಚ್ಚಿ, ಸ್ಪ್ಯಾಮ್‌ಗೆ ಹಾಕಬೇಡ ಅಂತಲೂ ಗುರುತು ಮಾಡಿ. ಸಬ್ಜೆಕ್ಟ್‌ನಲ್ಲಿ ಚೌಕ ಕಂಸದೊಳಗಿರುವ ಲಿಸ್ಟ್ ಹೆಸರು ನೋಡಿ ಫಿಲ್ಟರ್ ಮಾಡಬೇಡಿ, ಯಾರಾದರೂ ಅದನ್ನು ಅಳಿಸಿದ ದಿನ ತಪ್ಪಿಹೋಗುತ್ತದೆ.

ಡೈಜೆಸ್ಟ್ (ಹಲವು ಮೇಲ್‌ಗಳನ್ನು ಒಂದರಲ್ಲೇ ಕಟ್ಟಿ ಕಳಿಸುವುದು) ಓದಲಷ್ಟೇ ಸರಿ. ಅದಕ್ಕೆ ಉತ್ತರಿಸಿದರೆ ಸಬ್ಜೆಕ್ಟ್ ‘ಡೈಜೆಸ್ಟ್, ಸಂಪುಟ ಇಷ್ಟು’ ಅಂತ ಹೋಗುತ್ತದೆ, ಹಿಂದೆ ಇಪ್ಪತ್ತು ಮೇಲ್‌ಗಳ ಬಾಲ ಬೇರೆ. ಯಾವ ಮಾತಿಗೆ ಉತ್ತರ ಅಂತ ಯಾರಿಗೂ ಗೊತ್ತಾಗದು.

ಇನ್ನೊಂದು: ಹೊಸ ವಿಷಯಕ್ಕೆ ಹೊಸ ಮೇಲ್‌ನಿಂದಲೇ ಶುರು ಮಾಡಿ. ಹಳೆಯದಕ್ಕೆ ರಿಪ್ಲೈ ಒತ್ತಿ ಸಬ್ಜೆಕ್ಟ್ ಬದಲಿಸಿದರೂ ಒಳಗಿನ ಇನ್-ರಿಪ್ಲೈ-ಟು ಹೆಡರ್ ಹಾಗೇ ಉಳಿಯುತ್ತದೆ. ನಿಮ್ಮ ಪ್ರಶ್ನೆ ಹಳೇ ಚರ್ಚೆಯ ಹೊಟ್ಟೆಯೊಳಗೆ ಸೇರಿ, ಆ ಚರ್ಚೆಯನ್ನು ಬಿಟ್ಟವರಿಗೆ ಕಾಣುವುದೇ ಇಲ್ಲ.

ಹೊಸಬ_1:
ಆರ್ಕೈವ್‌ನಲ್ಲಿ ಇದೆ! ಆದರೆ ‘ಬೌನ್ಸ್ ಜಾಸ್ತಿಯಾಗಿ ಸದಸ್ಯತ್ವ ನಿಲ್ಲಿಸಲಾಗಿದೆ’ ಅಂತ ಈಗ ಇನ್ನೊಂದು ಮೇಲ್ ಬಂದಿದೆ. ನನ್ನ ಮೇಲ್‌ಬಾಕ್ಸ್ ತುಂಬಿಲ್ಲವಲ್ಲ?

ಅಂಚೆಚೀಲ:
ಬೌನ್ಸ್ ಅಂದರೆ ತಲುಪದೆ ವಾಪಸಾದ ಮೇಲ್. ತಪ್ಪು ನಿಮ್ಮದಾಗಿರಲಿಕ್ಕಿಲ್ಲ, ಫ್ರಮ್‌ನಲ್ಲಿರುವ ವಿಳಾಸ ಅಸಲಿಯೇ ಅಂತ ಪರೀಕ್ಷಿಸುವ ಡಿಮಾರ್ಕ್‌ನದ್ದೇ ಇರಬೇಕು. ಲಿಸ್ಟ್ ಮರುಕಳಿಸುವಾಗ ಲಕೋಟೆಯ ಮೇಲೆ ತನ್ನ ‘ಬಳಗ-ಬೌನ್ಸಸ್’ ವಿಳಾಸ ಬರೆಯುತ್ತದೆ, ಒಳಗಿನ ಫ್ರಮ್ ಮಾತ್ರ ಲೇಖಕರದ್ದೇ. ಹಾಗಾಗಿ ಎಸ್‌ಪಿಎಫ್ (ಕಳಿಸಿದ ಸರ್ವರ್‌ಗೆ ಡೊಮೇನ್‌ನ ಅನುಮತಿ ಇದೆಯೇ ಅನ್ನುವ ಪರೀಕ್ಷೆ) ಲೇಖಕರ ಡೊಮೇನ್‌ಗೆ ಹೊಂದುವುದಿಲ್ಲ. ಕೊನೆಗೊಂದು ಅಡಿಬರಹ ಸೇರಿಸಿದ್ದರಿಂದ ಡಿಕಿಮ್ ಸಹಿಯೂ (ಮೇಲನ್ನು ಯಾರೂ ತಿದ್ದಿಲ್ಲ ಅನ್ನುವ ಗುರುತು) ಮುರಿಯುತ್ತದೆ. ಲೇಖಕರ ಡೊಮೇನ್ ‘ಹೊಂದದಿದ್ದರೆ ತಿರಸ್ಕರಿಸಿ’ ಅಂತ ನೀತಿ ಹಾಕಿದ್ದರೆ ಜಿಮೇಲ್ ಅದನ್ನು ವಾಪಸ್ ಎಸೆಯುತ್ತದೆ. ಯಾಹೂ 2014ರ ಏಪ್ರಿಲ್‌ನಲ್ಲಿ ಈ ನೀತಿ ತಂದಾಗ ಜಗತ್ತಿನ ಲಿಸ್ಟ್‌ಗಳೆಲ್ಲ ತತ್ತರಿಸಿದ್ದು ಇದಕ್ಕೇ.

ಬರೆದವರು ಯಾರೋ, ಬೌನ್ಸ್ ಅಂಕ ಏರುವುದು ನಿಮ್ಮ ಹೆಸರಲ್ಲಿ: ದಿನಕ್ಕೆ ಹೆಚ್ಚೆಂದರೆ 1. ಮೇಲ್‌ಮನ್‌ನ ಮೂಲ ಮಿತಿ 5, ಅಲ್ಲಿಗೆ ಮುಟ್ಟಿದರೆ ಬಟವಾಡೆ ಬಂದ್. ಬಂದಿರುವ ಮೇಲ್‌ನಲ್ಲಿರುವ ಕೊಂಡಿ ಒತ್ತಿದರೆ ಮತ್ತೆ ಶುರುವಾಗುತ್ತದೆ. ಶಾಶ್ವತ ಪರಿಹಾರ ನಡೆಸುವವರ ಕೈಯಲ್ಲಿದೆ. ‘ಬಳಗ-ಓನರ್’ಗೆ ಬರೆದು, ಡಿಮಾರ್ಕ್ ಸೆಟ್ಟಿಂಗ್‌ನಲ್ಲಿ ‘ಮಂಜ್ ಫ್ರಮ್’ (ಫ್ರಮ್‌ನಲ್ಲಿ ಲೇಖಕರ ಬದಲು ಲಿಸ್ಟ್‌ನ ವಿಳಾಸ) ಹಾಕಲು ಕೇಳಿ. ಆಮೇಲೆ ಅಂಥ ಡೊಮೇನ್‌ನವರ ಮೇಲ್‌ಗಳು ‘ಇಂಥವರು ವಯಾ ಬಳಗ’ ಅಂತ ಬರುತ್ತವೆ. ನೋಡಲು ಚೆನ್ನಾಗಿಲ್ಲ, ಆದರೆ ಬರುತ್ತವೆ.